ಶಿಶುವಿಹಾರದ ಬಾಬ್ತು

ಬಜೆಟ್ ಸಭೆಯ ಹಿಂದಿನ ರಾತ್ರಿ ತನಗೆ ಸೊಗಸಾಗಿ ನಿದ್ದೆ ಬಂತಲ್ಲ ಎಂಬುದೇ ಬೆಳಿಗ್ಗೆ ಎದ್ದಾಗಿನಿಂದ ಅವನ ತಲೆ ತಿನ್ನುತ್ತಿತ್ತು. ಪ್ರತಿವರ್ಷ ಈ ದಿನ ಹೊಟ್ಟೆ ತೊಳಸಿ, ಬಚ್ಚಲಿಗೂ ಹಜಾರಕ್ಕೂ ಓಡಾಡಿ, ಹೆಂಡತಿಯ ಕೈಲಿ ಬೈಸಿಕೊಂಡು ಮನೆ ಬಿಡುವುದು ರೂಢಿಯಾಗಿಹೋಗಿತ್ತು. ನಗರಸಭೆಯ ಲೆಕ್ಕಾಧಿಕಾರಿ ಎನಿಸಿಕೊಂಡವನಿಗೆ ವರ್ಷಕ್ಕೊಂದು ದಿನವಾದರೂ ಹೊಟ್ಟೆ ಕೆಡದಿದ್ದರೆ ಅವನು ತಿನ್ನುವ ಸಂಬಳಕ್ಕೆ ಅರ್ಥವೇನು? ಈ ಸಲ ಮಾತ್ರ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತ ನೋಡಿದರೆ, ಬೇರೆಯವರ ಮನೆಯ ಮದುವೆಗೆ ಊಟಕ್ಕೆ ಹೊರಟವನ ಮುಖ. ಕೆನ್ನೆ ತುಂಬ ನೊರೆ, ನೊರೆಯ ಮೇಲೆ ನೆಮ್ಮದಿಯ ಕಣ್ಣು. ಏನನ್ನೋ ಮರೆತಿದ್ದೇನೆ ಎಂದು ಅವನಿಗೆ ಅನುಮಾನವಾಯಿತು. ಹಿಂದೆ ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದು ಕನ್ನಡಿಯಲ್ಲಿ ಕಂಡಿತು.

"ನಿಮ್ಮಕ್ಕಂಗೆ ಹೇಳಿದ್ದೀರಾ?" ಅಂದಳು.

"ಏನಂತ?"

"ಅದೇ, ಅವರ ಶಿಶುವಿಹಾರ ಮುಚ್ತೀವಿ ಅಂತ ನೀವೇ ಬರೆದಿದ್ದೀರಲ್ಲ, ಅದನ್ನ."

"ಮುಚ್ತೀವಿ ಅಂತ ಅಲ್ಲ ಕಣೆ. ಮುಚ್ಚಬಹುದು ಅಂತ. ಅದೂ ಸುಳ್ಳಿಗೆ."

"ಸುಳ್ಳಿಗೆ ಬರೆದಿದ್ದನ್ನ ಸದಸ್ಯರು ನಿಜಕ್ಕೆ ಓದಿಬಿಟ್ರೆ?" ಎಂದವಳು, ಅವನು ತಿರುಗುವ ಮೊದಲೇ ದನಿ ತಗ್ಗಿಸಿ, "ನಿಮ್ಮಕ್ಕ ಆಮೇಲೆ ಎಲ್ಲಿರ್ತಾರೆ ಅಂತ ಕೇಳಿದೆ, ಅಷ್ಟೆ" ಅಂದಳು. ಅಷ್ಟೆ ಎಂಬ ಮಾತಿನಲ್ಲಿ ಎಷ್ಟೆಲ್ಲ ಇತ್ತೆಂಬುದು ಅವನಿಗೆ ಗೊತ್ತಿತ್ತು. ಅಕ್ಕ ಶಿಶುವಿಹಾರದ ಮೇಲ್ವಿಚಾರಕಿ. ಅದರ ಮಹಡಿಯ ಕೋಣೆಯಲ್ಲೇ ಅವಳ ವಾಸ. ಮೊದಲು ಇವರ ಜೊತೆಗೇ ಇದ್ದಳು. ಒಂದು ದಿನವೂ ಇಬ್ಬರು ಹೆಂಗಸರು ಮಾತಿಗೆ ಮಾತು ಬೆಳೆಸಿದವರಲ್ಲ, ಆದರೆ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು. ಒಬ್ಬಳು ಕವುಚಿ ಇಟ್ಟ ಲೋಟವನ್ನು ಇನ್ನೊಬ್ಬಳು ನೆಟ್ಟಗೆ ಇಡುವಳು, ಇವಳು ಮತ್ತೆ ಕವುಚುವಳು. ಒಂದು ಸಂಜೆ ಅಕ್ಕ ತಾನೇ ಪೆಟ್ಟಿಗೆ ತುಂಬಿಕೊಂಡು, "ಮಕ್ಕಳು ಬೆಳಿಗ್ಗೆ ಬೇಗ ಬರ್ತವೆ ಪುಟ್ಟ, ಅಲ್ಲೇ ಇದ್ರೆ ಅನುಕೂಲ" ಎಂದು ನಗುನಗುತ್ತಲೇ ಹೊರಟುಹೋದಳು. ಅವನು ಪೆಟ್ಟಿಗೆ ಹೊತ್ತು ಹಿಂದೆ ಹೋದ. ಬೇಡ ಎಂದು ಒಂದು ಮಾತು ಹೇಳಲಿಲ್ಲ. ಈಗ ರೇಜರು ಗದ್ದದ ಮೇಲೆ ಎಡವಿ ಸಣ್ಣಗೆ ರಕ್ತ ಬಂತು. ಸದ್ಯ, ಇಷ್ಟಾದರೂ ಆಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಸುಳ್ಳಿಗೆ ಎಂದದ್ದು ಸುಳ್ಳಲ್ಲ. ಅವನ ಕಚೇರಿಯಲ್ಲಿ ಇದಕ್ಕೊಂದು ಹೆಸರೇ ಇತ್ತು, ಬೆದರುಬೊಂಬೆ. ಹಿಂದಿನ ಲೆಕ್ಕಾಧಿಕಾರಿ ನಿವೃತ್ತನಾಗುವ ದಿನ ಬೀರುವಿನ ಬೀಗದಕೈಯ ಜೊತೆ ಗುಟ್ಟಾಗಿ ದಾಟಿಸಿಹೋದ ವಿದ್ಯೆ ಅದು. ಬಜೆಟ್ಟಿನ ಕರಡಿನಲ್ಲಿ, ತೆರಿಗೆಯ ದರ ಏರಿಸಬೇಕು ಎಂಬ ಕಹಿಮಾತು ಬರುವುದಕ್ಕೆ ತುಸು ಮುಂಚೆ, ಯಾರಿಗೂ ಮುಟ್ಟಲು ಧೈರ್ಯವಾಗದಂಥ ಒಂದು ಬಾಬ್ತನ್ನು ಕಡಿತದ ಪಟ್ಟಿಗೆ ಸೇರಿಸಿಬಿಡುವುದು. ಸದಸ್ಯರು ಉರಿದು ಬೀಳುತ್ತಾರೆ. ಮೇಜು ಗುದ್ದುತ್ತಾರೆ. ಲೆಕ್ಕಾಧಿಕಾರಿಗೆ ಹೃದಯವಿಲ್ಲ ಎನ್ನುತ್ತಾರೆ, ಅವನು ತಲೆ ತಗ್ಗಿಸಿ ಹೃದಯವಿಲ್ಲದವನ ಹಾಗೆ ಕೂರುತ್ತಾನೆ. ಕೊನೆಗೆ ಎಲ್ಲರೂ ಸೇರಿ ಆ ಬಾಬ್ತನ್ನು ಉಳಿಸಿ, ತಾವೇ ಏನೋ ಕಾಪಾಡಿದೆವೆಂಬ ಸಂತೋಷದಲ್ಲಿ ಕಣ್ಣೊರೆಸಿಕೊಳ್ಳುತ್ತ ದರ ಏರಿಸುವುದಕ್ಕೆ ಕೈ ಎತ್ತುತ್ತಾರೆ. ಒಂದು ವರ್ಷ ವಾಚನಾಲಯ, ಒಂದು ವರ್ಷ ಉದ್ಯಾನದ ದೀಪ, ಇನ್ನೊಂದು ವರ್ಷ ಅಗ್ನಿಶಾಮಕ ದಳದ ಎರಡನೇ ಬಂಡಿ. ಒಮ್ಮೆ ಬಳಸಿದ ಬೊಂಬೆಯನ್ನು ಮತ್ತೆ ನಿಲ್ಲಿಸುವ ಹಾಗಿಲ್ಲ, ಅದೊಂದೇ ಕಷ್ಟ. ಈ ವರ್ಷ ಪಟ್ಟಿಯಲ್ಲಿ ಹುಡುಕುತ್ತ ಹುಡುಕುತ್ತ ಅವನ ಪೆನ್ನು ಶಿಶುವಿಹಾರದ ಮೇಲೆ ನಿಂತಿತು. ಇದಕ್ಕಿಂತ ಗಟ್ಟಿಯಾದ ಬೊಂಬೆ ಎಲ್ಲಿ ಸಿಗಬೇಕು? ಮಕ್ಕಳ ತಂಟೆಗೆ ಯಾವ ಸದಸ್ಯ ಹೋದಾನು? ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ತನಗೆ ತಾನೇ ಜೋರಾಗಿ ಹೇಳಿಕೊಂಡಿರಲಿಲ್ಲ. ಹೋದ ಸಲ ಶಿಶುವಿಹಾರದ ಗೋಡೆಗೆ ಸುಣ್ಣ ಬಳಿಸಿದಾಗ ಒಬ್ಬ ಸದಸ್ಯ, "ಅಕ್ಕನ ಮನೆಗೆ ಬಣ್ಣ ಬಂತು, ನಮ್ಮ ರಸ್ತೆಗೆ ಜಲ್ಲಿ ಬರಲಿಲ್ಲ" ಎಂದು ಎಲ್ಲರ ಎದುರಿಗೆ ನಕ್ಕಿದ್ದ. ಅವನೂ ಜೊತೆಗೆ ನಕ್ಕಿದ್ದ. ಆ ನಗು ಮಾತ್ರ ಆಗಿನಿಂದ ಗಂಟಲಲ್ಲೇ ಕೂತಿತ್ತು.

ಬೀದಿಗಿಳಿದರೆ ಎಡಕ್ಕೂ ಬಲಕ್ಕೂ ಮಾರಾಟಕ್ಕಿದೆ, ಮಾರಾಟಕ್ಕಿದೆ ಎಂಬ ಹಲಗೆಗಳು. ಗಾಜಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಊರಿನ ಮನೆಗಳ ಬೆಲೆ ಇಳಿಯುತ್ತ ಬಂದು, ಈ ವರ್ಷ ನಗರಸಭೆಯೂ ಅದನ್ನು ಒಪ್ಪಿಕೊಳ್ಳಲೇಬೇಕಾಯಿತು. ಮೌಲ್ಯಮಾಪಕ ಟೇಪು ಹಿಡಿದು ಮನೆಮನೆಗೆ ಹೋಗಿ ಹೊಸ ಬೆಲೆ ಬರೆದು ನೋಟೀಸು ಕೊಟ್ಟ. ಬೆಲೆ ಇಳಿದರೆ ತೆರಿಗೆ ಇಳಿಯುತ್ತದೆ, ಜನ ಕುಣಿದಾಡಬೇಕಿತ್ತು. ಆದದ್ದೇ ಬೇರೆ. ಕಚೇರಿಯ ಮುಂದೆ ಸಾಲು ನಿಂತಿತು. ನನ್ನ ಮನೆಗೆ ಇಷ್ಟೇನಾ, ಪಕ್ಕದವನ ಗೂಡಿಗೂ ನನ್ನ ಮನೆಗೂ ಒಂದೇ ರೇಟಾ, ನಮ್ಮಪ್ಪ ಕಟ್ಟಿಸಿದ್ದು ಸ್ವಾಮಿ ಇದು. ಹಾಗಾದರೆ ಬೆಲೆ ಏರಿಸಿ ಬರೆಯೋಣ ಬಿಡಿ, ತೆರಿಗೆಯೂ ಏರುತ್ತೆ, ಎಂದು ಅವನು ವಿನಯದಿಂದ ಹೇಳಿದ. ಬೆಲೆ ಮೇಲಿನದ್ದು ಬರೀರಿ, ತೆರಿಗೆ ಕೆಳಗಿನದ್ದು ತಗೊಳ್ಳಿ, ಎಂದ ಒಬ್ಬ ಮುದುಕ, ಅಷ್ಟೇ ವಿನಯದಿಂದ. ಅದರಲ್ಲಿ ತಪ್ಪೇನೂ ಇಲ್ಲ ಎಂದು ಅವನಿಗೆ ಅನಿಸಿತ್ತು. ತನ್ನ ಮನೆಯ ನೋಟೀಸು ಬಂದಾಗ ಅವನೂ ಅದನ್ನು ಎರಡು ಸಲ ಓದಿ, ಹೆಂಡತಿಗೆ ತೋರಿಸದೆ ಮಡಿಚಿಟ್ಟಿದ್ದ. ಅವಳು ಹುಡುಕಿ ಓದಿ, "ಇಷ್ಟು ವರ್ಷ ಗುಡಿಸಿದ್ದು ಇದಕ್ಕಾ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು.

ಶಿಶುವಿಹಾರದ ಬಾಗಿಲಲ್ಲಿ ಅಕ್ಕ ಒಂದು ಮಗುವಿನ ಮೂಗು ಒರೆಸುತ್ತಿದ್ದಳು. ಅವನನ್ನು ಕಂಡದ್ದೇ ಅದೇ ಬಟ್ಟೆಯನ್ನು ಮಡಿಚಿ ಅವನ ಗದ್ದಕ್ಕೂ ಒತ್ತಲು ಬಂದಳು. "ರಕ್ತ ಕಣೋ ಪುಟ್ಟ" ಅಂದಳು. ಅವನು ತಲೆ ಹಿಂದಕ್ಕೆ ಸರಿಸಿದ. ಇಷ್ಟು ವಯಸ್ಸಾದ, ಕೈಯಲ್ಲಿ ಚೀಲ ಹಿಡಿದ ಅಧಿಕಾರಿಯನ್ನು ಬೀದಿಯಲ್ಲಿ ಪುಟ್ಟ ಎಂದು ಕರೆಯುವವಳು ಅವಳೊಬ್ಬಳೇ. ಅಮ್ಮ ಹೋದಾಗ ಅವನು ಇನ್ನೂ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಶಾಲೆ ಬಿಟ್ಟು ಮನೆಯಲ್ಲಿ ಕೂತವಳು ಅಕ್ಕ. ಗುಂಡಿ ಹಾಕಿದವಳು, ತಲೆ ಬಾಚಿದವಳು, ಕಾಲೇಜಿನ ಫೀಜಿಗೆಂದು ಇನ್ನೊಬ್ಬರ ಮಕ್ಕಳ ಬಟ್ಟೆ ಒಗೆಯಲು ಹೋಗಿ ಹಾಗೆಯೇ ಈ ಶಿಶುವಿಹಾರಕ್ಕೆ ಬಂದು ಸೇರಿದವಳು. ಮದುವೆಯ ಮಾತು ಬಂದಾಗಲೆಲ್ಲ ಇವನ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದಳು. ಅವನ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಮಾತೇ ನಿಂತುಹೋಗಿತ್ತು. ಇದನ್ನೆಲ್ಲ ಅವಳು ಒಂದು ದಿನವೂ ಆಡಿ ತೋರಿಸಿದವಳಲ್ಲ. ಆಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿದ್ದುಂಟು. ಒಳಗೆ ಗೋಡೆಯುದ್ದಕ್ಕೂ ಮಕ್ಕಳ ಚೀಲ ತಗುಲಿಹಾಕುವ ಮೊಳೆಗಳಿದ್ದವು. ಬಾಗಿಲ ಹತ್ತಿರದ ಕೆಲವಕ್ಕೆ ಮಾತ್ರ ಚೀಲ ನೇತಾಡುತ್ತಿತ್ತು. ಉಳಿದ ಮಕ್ಕಳು ಇನ್ನೂ ಬಂದಿಲ್ಲವೇನೋ ಅಂದುಕೊಂಡ.

"ಅಕ್ಕ, ಇವತ್ತು ಮಧ್ಯಾಹ್ನ ಸಭೆಗೆ ಬಾ" ಅಂದ. "ಗ್ಯಾಲರಿಯಲ್ಲಿ ಕೂತ್ಕೋ. ನಿನ್ನ ಶಿಶುವಿಹಾರ ಮುಚ್ಚಬೇಕು ಅಂತ ನಾನು ಓದ್ತೀನಿ."

ಅವಳ ಕೈ ನಿಂತಿತು.

"ಗಾಬರಿಯಾಗಬೇಡ. ಅದು ಆಟ. ನಾನು ಓದಿದ ತಕ್ಷಣ ಬಣ್ಣದ ಅಂಗಡಿಯವರು ಎದ್ದು ಕೂಗಾಡ್ತಾರೆ, ಎಲ್ಲಾ ಸೇರಿ ಉಳಿಸ್ತಾರೆ. ವರ್ಷಾ ವರ್ಷಾ ಹೀಗೇ ಆಗೋದು. ನಿನ್ನ ಕೆಲಸಕ್ಕೆ ಅವರೆಲ್ಲ ಚಪ್ಪಾಳೆ ಹೊಡೀತಾರೆ, ನೋಡೋಕೆ ಬಾ ಅಂತ ಅಷ್ಟೆ."

"ನಾನೇನಾದ್ರೂ ಹೇಳಬೇಕಾ?"

"ಏನೂ ಹೇಳಬೇಡ. ಅದೇ ಮುಖ್ಯ. ನೀನು ಬಾಯಿ ತೆಗೆದರೆ ಅಕ್ಕ ತಮ್ಮ ಸೇರಿ ನಾಟಕ ಆಡ್ತಿದ್ದಾರೆ ಅಂತಾರೆ. ಏನೇ ಆದ್ರೂ ಸುಮ್ನೆ ಕೂತಿರು."

"ಆಗಲಿ" ಅಂದಳು ಅಕ್ಕ. ಮಗುವನ್ನು ಒಳಗೆ ಕಳಿಸಿ, "ಒಳ್ಳೆ ಸೀರೆ ಉಟ್ಕೊಂಡು ಬರ್ಲಾ?" ಎಂದು ಕೇಳಿದಳು. ಅವನು ನಕ್ಕು ಉಟ್ಕೋ ಎಂದು ಹೇಳಿ ಬೇಗ ಬೇಗ ಹೆಜ್ಜೆ ಹಾಕಿದ.

ಸಭಾಂಗಣದಲ್ಲಿ ಈ ಸಲ ಚಹಾದ ಜೊತೆ ಬಿಸ್ಕತ್ತು ಇರಲಿಲ್ಲ. ಮಿತವ್ಯಯ ಎಂದು ಅಧ್ಯಕ್ಷರೇ ನಿಲ್ಲಿಸಿದ್ದರಂತೆ. ಸದಸ್ಯರು ಬರಿ ಚಹಾ ಕುಡಿದು, ಊರಿನ ಹಣಕಾಸಿನ ಸ್ಥಿತಿ ಇಷ್ಟು ಕೆಟ್ಟಿದೆಯೆಂದು ಅಂದೇ ಮೊದಲ ಬಾರಿಗೆ ಮನವರಿಕೆಯಾದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಯ ಮೇಲೆ ಹಳೆಯ ಅಧ್ಯಕ್ಷರೆಲ್ಲ ಸಾಲಾಗಿ, ಬೆಲೆ ಏರುತ್ತಿದ್ದ ಕಾಲದ ಕೊಬ್ಬಿದ ಕೆನ್ನೆಗಳಲ್ಲಿ ನಗುತ್ತಿದ್ದರು. ಅವನು ಮೈಕು ಹತ್ತಿರಕ್ಕೆಳೆದು ಓದತೊಡಗಿದ. ಆಸ್ತಿ ತೆರಿಗೆಯ ಇಳಿಕೆ, ಕೊರತೆ, ಚರಂಡಿ, ಸಿಬ್ಬಂದಿ. ತನ್ನ ದನಿ ತನಗೇ ಹಿತವಾಗಿ ಕೇಳುತ್ತಿತ್ತು. ಮೇಲಿನ ಗ್ಯಾಲರಿಯಲ್ಲಿ ಅಕ್ಕ ಬಂದು ಕೂತದ್ದು ಕಣ್ಣಂಚಿನಲ್ಲಿ ಕಂಡಿತು. ನೇರಳೆ ಬಣ್ಣದ ಸೀರೆ. ಅವನ ಮದುವೆಯಲ್ಲಿ ಉಟ್ಟಿದ್ದು. ಗ್ಯಾಲರಿಯಲ್ಲಿ ಅವಳ ಹೊರತು ಬಿಸಿಲಿಗೆ ತಪ್ಪಿಸಿಕೊಂಡು ಬಂದ ನಾಲ್ಕಾರು ಜನ ತೂಕಡಿಸುತ್ತಿದ್ದರು. ಶಿಶುವಿಹಾರವನ್ನು ಮುಚ್ಚಿ, ಕಟ್ಟಡವನ್ನು ವಿಲೇವಾರಿ ಮಾಡಬಹುದು ಎಂದು ಓದಿ, ಅವನು ಅಭ್ಯಾಸಬಲದಿಂದ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

ಯಾರೂ ಬೈಯಲಿಲ್ಲ. ಯಾರೋ ಕೆಮ್ಮಿದರು, ಅಷ್ಟೆ. ಅವನು ಮೆಲ್ಲನೆ ಕಣ್ಣೆತ್ತಿ ಗುಡುಗಿನ ಕಡೆ ನೋಡಿದ. ಬಣ್ಣದ ಅಂಗಡಿಯ ಈ ಹಿರಿಯ ಸದಸ್ಯರಿಗೆ ಕಚೇರಿಯವರು ಇಟ್ಟ ಹೆಸರು ಗುಡುಗು. ಮೈಕಿಲ್ಲದೆ ಮಾತಾಡುವವರು. ವಾಚನಾಲಯ ಉಳಿಸಿದವರು, ದೀಪ ಉಳಿಸಿದವರು. ಶಿಶುವಿಹಾರದ ಉದ್ಘಾಟನೆಯ ಪಟದಲ್ಲಿ ಮಗುವೊಂದನ್ನು ಎತ್ತಿಕೊಂಡು ನಿಂತವರು. ಈಗ ಅವರು ಕೈಯಲ್ಲಿ ಏನೋ ಕಾಗದ ಹಿಡಿದು ಓದುತ್ತಿದ್ದರು. ಏಳಿ ಸ್ವಾಮಿ, ಏಳಿ, ಎಂದು ಅವನು ಮನಸ್ಸಿನಲ್ಲೇ ಗೋಗರೆದ. ಕೇಳಿಸಿತೋ ಎಂಬಂತೆ ಅವರು ಎದ್ದರು. ಅವನಿಗೆ ಕಾಲಿಗೆ ಬೀಳುವಷ್ಟು ಪ್ರೀತಿ ಉಕ್ಕಿತು.

"ಇದು ನನ್ನ ಮನೆಯ ನೋಟೀಸು" ಅಂದರು ಗುಡುಗು. ದನಿ ಗುಡುಗಲಿಲ್ಲ. ಹಿಂದಿನ ಸಾಲಿನವರು ಕಿವಿಗೆ ಕೈ ಹಚ್ಚಿದರು. "ಇಷ್ಟು ಬೆಲೆಯಂತೆ. ಇರಲಿ. ಅಧಿಕಾರಿಗಳು ಶಿಶುವಿಹಾರ ಮುಚ್ಚೋಣ ಅಂತಾರೆ. ನಾನು ಆಗಿಂದ ಯೋಚನೆ ಮಾಡ್ತಾ ಇದ್ದೆ, ಯಾವ ಮಕ್ಕಳಿಗೆ ಅಂತ ಉಳಿಸೋದು? ನನ್ನ ಮೊಮ್ಮಕ್ಕಳೇ ಊರು ಬಿಟ್ಟು ಹೋದವು. ನನ್ನ ಬೀದಿಯಲ್ಲಿ ರಾತ್ರಿ ಅಳೋ ಮಗು ಅಂತ ಒಂದೂ ಇಲ್ಲ. ಮೊದಲೆಲ್ಲ ನಿದ್ದೆ ಕೆಡುತ್ತೆ ಅಂತ ಬೈಕೋತಿದ್ದೆ. ಮುಚ್ಚಲಿ ಬಿಡಿ." ಎಂದು ಕೂತುಬಿಟ್ಟರು.

ಅವನಿಗೆ ಆಗ ಹೊಳೆಯಿತು. ಬೀದಿ ಬೀದಿಗೂ ಎಷ್ಟು ಮನೆ ಖಾಲಿ, ಯಾವುದಕ್ಕೆ ಎಷ್ಟು ಬೆಲೆ ಬಿದ್ದಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಬಾಯಿಪಾಠ ಮಾಡಿಕೊಂಡಿದ್ದ ಅವನಿಗೆ, ಖಾಲಿ ಮನೆಯಲ್ಲಿ ಮಕ್ಕಳೂ ಇರುವುದಿಲ್ಲ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ. ಇಡೀ ಊರು ಹಕ್ಕಿ ಹಾರಿಹೋದ ಹೊಲವಾಗಿತ್ತು, ಅವನು ನಡುವೆ ಬೊಂಬೆ ನಿಲ್ಲಿಸಿ ಕಾಯುತ್ತಿದ್ದ. ಹೊಟ್ಟೆ ತೊಳಸತೊಡಗಿತು. ಬೆಳಿಗ್ಗೆ ಬಾರದ್ದು ಈಗ ಒಂದೇ ಸಲಕ್ಕೆ ಬಂತು.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅವನ ಕಡೆ ಬಾಗಿದರು. ಮೆತ್ತಗಿನ ಮನುಷ್ಯ, ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದವರು. "ನಮ್ಮ ಅಧಿಕಾರಿಗಳ ಅಕ್ಕನವರೇ ಅಲ್ಲಿ ಇರೋದು ಅಂತ ಎಲ್ಲರಿಗೂ ಗೊತ್ತಿದೆ. ಅದಕ್ಕೇ ಕೇಳ್ತೀನಿ. ಇದು ನಿಮ್ಮ ಮನಃಪೂರ್ವಕವಾದ ಶಿಫಾರಸಾ? ನೀವು ಬೇಡ ಅಂದ್ರೆ ಈಗಲೂ ತೆಗೆದುಹಾಕೋಣ."

ಬೇಡ ಎಂಬುದು ಎಷ್ಟು ಚಿಕ್ಕ ಮಾತು. ಅದು ನಾಲಗೆಯ ತುದಿಗೆ ಬಂದು ಕೂತಿತ್ತು. ಬೇಡ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಬರೆದದ್ದೇಕೆ? ಸುಮ್ಮನೆ ಬರೆದದ್ದು ಎನ್ನಬೇಕು. ಹಾಗಾದರೆ ಉದ್ಯಾನದ ದೀಪ? ಅದೂ. ವಾಚನಾಲಯ? ಅದೂ. ನಾವೆಲ್ಲ ಕಣ್ಣೊರೆಸಿಕೊಂಡು ಕೈ ಎತ್ತಿದ್ದು? ಅದೂ ಸ್ವಾಮಿ. ಇಲ್ಲವೆಂದರೆ, ಅಕ್ಕನಿಗೋಸ್ಕರ ಬೇಡ ಎಂದು ಹೇಳಬೇಕು. ಸುಣ್ಣದ ಮಾತಾಡಿ ನಕ್ಕವನು ಎದುರಿಗೇ ಕೂತು, ಇನ್ನೊಮ್ಮೆ ನಗಲು ಬಾಯಿ ಸಿದ್ಧಮಾಡಿಕೊಂಡಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾಗುತ್ತಿರುವಾಗಲೇ ಮೈಕಿನ ಕೆಂಪು ದೀಪ ಹತ್ತಿ, "ಹೌದು, ಮನಃಪೂರ್ವಕವಾದದ್ದೇ" ಎಂದು ಅವನ ದನಿ ಸಭಾಂಗಣದಲ್ಲೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಗ್ಯಾಲರಿಯಲ್ಲಿರೋ ಸಾರ್ವಜನಿಕರು ಯಾರಾದರೂ ಆಕ್ಷೇಪಣೆ ಹೇಳೋದಿದೆಯಾ?" ಎಂದು ಅಧ್ಯಕ್ಷರು ಮೇಲೆ ನೋಡಿದರು. ಎಲ್ಲರೂ ನೋಡಿದರು. ಅಕ್ಕ ಕುರ್ಚಿಯ ತುದಿಗೆ ಸರಿದಿದ್ದಳು. ಅವಳ ಎರಡೂ ಕೈ ಮುಂದಿನ ಕಟಕಟೆಯನ್ನು ಹಿಡಿದಿದ್ದವು. ಅವಳು ಅಧ್ಯಕ್ಷರನ್ನು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಅವನು ಅವಳ ಮುಖ ನೋಡಿ ಹೆಜ್ಜೆ ಎತ್ತುತ್ತಿದ್ದ. ಈಗ ಅವಳು ಅವನ ಮುಖ ನೋಡುತ್ತಿದ್ದಾಳೆ. ರೆಪ್ಪೆ ಆಡಿಸಿದರೂ ಸಾಕಿತ್ತು, ಎದ್ದು ನಿಲ್ಲುತ್ತಿದ್ದಳು. ಅವನು ಕಾಗದಗಳ ಮೇಲೆ ಬಗ್ಗಿ, ಮಡಿಕೆ ಬೀಳದ ಹಾಳೆಯ ಮಡಿಕೆ ಬಿಡಿಸತೊಡಗಿದ. ಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು. ಅಕ್ಕ ಹಿಂದಕ್ಕೆ ಒರಗಿ ಕೂತಳು.

ಬಾಬ್ತು ಅಂಗೀಕಾರವಾಯಿತು. ಅಧ್ಯಕ್ಷರು ಗದ್ಗದಿತರಾಗಿ, ಸ್ವಂತ ಅಕ್ಕನ ಅನ್ನದ ಪ್ರಶ್ನೆ ಬಂದರೂ ಕರ್ತವ್ಯ ಬಿಡದ ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಅಪರೂಪ ಎಂದರು. ಸುಣ್ಣದವನೇ ಮೊದಲು ಚಪ್ಪಾಳೆ ತಟ್ಟಿದ. ತೂಕಡಿಸುತ್ತಿದ್ದವರೂ ಎಚ್ಚೆತ್ತು ತಟ್ಟಿದರು. ಅವನು ಬೇಡ ಬೇಡವೆಂದುಕೊಂಡೇ ಕಣ್ಣೆತ್ತಿ ನೋಡಿದರೆ ಅಕ್ಕನೂ ತಟ್ಟುತ್ತಿದ್ದಳು, ಎಲ್ಲರಿಗಿಂತ ಜೋರಾಗಿ, ಮುಖವೆಲ್ಲ ನಗುವಾಗಿ. ಅವಳ ಪಾಲಿಗೆ ಆಟ ಇನ್ನೂ ನಡೆಯುತ್ತಿತ್ತು. ಅದಾದ ಮೇಲೆ ತೆರಿಗೆಯ ದರ ಏರಿಸುವ ಮಾತು ಬಂತು. ಇಂಥ ದೊಡ್ಡ ತ್ಯಾಗವಾದ ಮೇಲೂ ಜನರ ಮೇಲೆ ಹೊರೆ ಹಾಕುವುದೇ ಎಂದು ಎಲ್ಲರೂ ನೊಂದುಕೊಂಡು ಅದನ್ನು ತಳ್ಳಿಹಾಕಿದರು. ಕೊರತೆ ಹಾಗೇ ಉಳಿಯುತ್ತದಲ್ಲ ಎಂದು ಅವನು ಕ್ಷೀಣವಾಗಿ ಹೇಳಿದ. ಇತರೆ ಆದಾಯ ಎಂಬ ಕಡೆ ಸ್ವಲ್ಪ ಜಾಸ್ತಿ ಬರೆದುಕೊಳ್ಳಿ, ನಿಮಗೆ ಗೊತ್ತಿಲ್ಲದ್ದಾ, ಎಂದರು. ಅವನು ಬರೆದುಕೊಂಡ.

ಸಭೆ ಮುಗಿದು ಹೊರಗೆ ಬರುವಾಗ ಅಧ್ಯಕ್ಷರು ಅವನ ಹೆಗಲ ಮೇಲೆ ಕೈ ಹಾಕಿ ಕಾರಿಡಾರಿನ ತಿರುವಿಗೆ ಕರೆದೊಯ್ದರು. "ನಿಮಗೊಂದು ಮಾತು ಹೇಳ್ತೀನಿ, ನಿಮ್ಮಲ್ಲೇ ಇರಲಿ" ಅಂದರು. "ನನಗಂತೂ ಎದೆ ಢವಢವ ಅಂತಿತ್ತು. ಗ್ಯಾಲರಿಯಲ್ಲಿ ಆಕೆ ಎದ್ದು ಒಂದು ಮಾತು ಆಡಿದ್ರೆ ಮುಗೀತಿತ್ತು ಕಣ್ರೀ. ನನಗೆ ಹೆಂಗಸರ ಅಳು ನೋಡೋಕಾಗಲ್ಲ. ಬಾಬ್ತನ್ನ ವಾಪಸ್ ತಗೊಂಡುಬಿಡ್ತಿದ್ದೆ. ಪುಣ್ಯಾತ್ಗಿತ್ತಿ, ಸುಮ್ಮನೆ ಕೂತರು. ನಿಮ್ಮ ಮನೆತನವೇ ಹಾಗೆ." ಅವನ ಕೈ ಕುಲುಕಿ ಮೆಟ್ಟಿಲಿಳಿದು ಹೋದರು.

ಅಕ್ಕ ಹೊರಗೆ ಕಂಬಕ್ಕೊರಗಿ ನಿಂತಿದ್ದಳು. ನೇರಳೆ ಸೀರೆಯ ಮಡಿಕೆಗಳು ಪೆಟ್ಟಿಗೆಯಲ್ಲಿದ್ದ ಗೆರೆಯನ್ನೇ ಇನ್ನೂ ಹಿಡಿದಿದ್ದವು. ಅವನು ಹತ್ತಿರ ಬಂದದ್ದೇ ಅತ್ತ ಇತ್ತ ನೋಡಿ ಪಿಸುಗುಟ್ಟಿದಳು.

"ಎಷ್ಟು ಚೆನ್ನಾಗಿ ಮಾಡಿದ್ಯೋ. ನಂಗೇ ಒಂದು ಗಳಿಗೆ ನಿಜ ಅನಿಸಿಬಿಡ್ತು. ಇನ್ನು ಯಾವಾಗ ವಾಪಸ್ ತಗೋತಾರೆ?"

ಅವನು ಉತ್ತರ ಹೇಳಲು ಬಾಯಿ ತೆರೆದ. ನಾಳೆ ಎನ್ನೋಣ ಅನಿಸಿತು. ನಾಳೆ ಎಂದರೆ ಒಂದು ರಾತ್ರಿಯಾದರೂ ಅವಳು ಮಲಗುತ್ತಾಳೆ, ತಾನೂ ಮಲಗಬಹುದು.

"ತಗೊಳಲ್ಲ ಅಕ್ಕ" ಅಂದ.

"ತಗೊಳಲ್ಲ ಅಂದ್ರೆ?"

"ಮುಚ್ತಾರೆ. ನಿಜಕ್ಕೂ. ಯಾರೂ ಮಾತಾಡ್ಲಿಲ್ಲ. ಪ್ರತಿಸಲ ಮಾತಾಡೋರು ಈ ಸಲ..." ಎಂದು ಅಲ್ಲಿಗೇ ನಿಲ್ಲಿಸಿದ.

ಅಕ್ಕ ಸೆರಗಿನ ತುದಿ ಹಿಡಿದು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬಯ್ಯಲಿ ಎಂದು ಅವನು ಕಾದ. ಇವತ್ತಾದರೂ, ನಿನಗೋಸ್ಕರ ನಾನು ಎಂದು ಶುರುಮಾಡಲಿ, ಈ ಮೆಟ್ಟಿಲ ಮೇಲೆ, ಹೋಗುವ ಬರುವವರೆಲ್ಲ ನಿಂತು ಕೇಳಲಿ. ಸದಸ್ಯರೊಬ್ಬರು ಹಾದುಹೋಗುತ್ತ ಅವಳಿಗೆ ಕೈ ಮುಗಿದರು. ಅವಳೂ ಮುಗಿದಳು. ಅವರು ಮರೆಯಾಗುವ ತನಕ ಕಾದು ಮೆಲ್ಲಗೆ ಕೇಳಿದಳು.

"ಪುಟ್ಟ, ನಿಜ ಹೇಳು. ಅವರು ಮೇಲೆ ನೋಡಿ ಕೇಳಿದ್ರಲ್ಲ, ಆಗ ನಾನು ಎದ್ದು ಏನಾದ್ರೂ ಅಂದಿದ್ರೆ, ಉಳೀತಿತ್ತಾ?"

ಅವನು ಅವಳ ಮುಖ ನೋಡಿದ. ಕಣ್ಣು ತಪ್ಪಿಸಲು ಈಗ ಕೈಯಲ್ಲಿ ಕಾಗದವಿರಲಿಲ್ಲ.

"ಇಲ್ಲ ಅಕ್ಕ" ಅಂದ. "ಏನೂ ಆಗ್ತಿರಲಿಲ್ಲ."

"ಸದ್ಯ" ಎಂದು ಅಕ್ಕ ಉಸಿರು ಬಿಟ್ಟಳು. ಅವಳ ಮುಖ ಸಡಿಲವಾಯಿತು. "ಆಗಿಂದ ಅದೇ ಕೊರೀತಿತ್ತು ಕಣೋ, ನನ್ನಿಂದಲೇ ಕೆಟ್ಟೋಯ್ತೇನೋ ಅಂತ. ನೀನೆಲ್ಲಿ ಬೇಜಾರು ಮಾಡ್ಕೊಂಡಿರ್ತೀಯೋ ಅಂತ ಹೆದರಿಕೊಂಡಿದ್ದೆ." ಎಂದು, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬರುವ ಹೊತ್ತಾಯಿತೆಂದು ಬೇಗ ಬೇಗ ಮೆಟ್ಟಿಲಿಳಿದಳು.